ಮಂಚದ ಕೆಳಗಿನ ಆರು ರೀಲು

1994ರ ಏಪ್ರಿಲ್ 18, ಬೆಳಿಗ್ಗೆ 11 ಗಂಟೆ 20 ನಿಮಿಷ. ಗಂಡನ ಹೆಣದ ತಲೆದೆಸೆಯಲ್ಲಿ ಮೈದುನ ಗೀರಿದ ಬೆಂಕಿಕಡ್ಡಿಯನ್ನು ಹೊಲಿಗೆಯಮ್ಮ ಬಾಗಿ ಉಫ್ ಎಂದು ಆರಿಸಿದಳು.

"ಅತ್ತಿಗೆ! ಏನ್ ಮಾಡ್ತಿದೀರಾ?"

"ಈ ರೂಮಲ್ಲಿ ಬೆಂಕಿ ಬೇಡ."

"ಸತ್ತೋರ ಹತ್ರ ಒಂದು ಮೇಣದಬತ್ತಿ ಹಚ್ಚೋಕೂ ನಿಮ್ಮ ಅಪ್ಪಣೆ ಬೇಕಾ?"

"ಬೇಡ ಅಂದ್ನಲ್ಲಪ್ಪ. ಹೂವಿಡು, ಸಾಕು."

ಮೈದುನ ಬಾಗಿಲಲ್ಲಿ ನಿಂತವರಿಗೆ ಕೇಳಿಸುವಂತೆ ಗೊಣಗಿದ. "ಬದುಕಿದ್ದಾಗ ಒಂದು ಲೋಟ ಬಿಸಿನೀರು ಬೇಕಂದ್ರೂ ಬಾಲ್ಕನಿಗೆ ಹೋಗಬೇಕಿತ್ತು. ಅಲ್ಲೇ ಒಲೆ, ಅಲ್ಲೇ ಅಡುಗೆ. ಸತ್ತ ಮೇಲಾದ್ರೂ ಅಣ್ಣಂಗೆ ಒಂದು ಬೆಳಕು ಬೇಡ್ವಾ?"

ಅವಳು ಮಂಚದ ಹೊದಿಕೆಯ ಅಂಚನ್ನು ಸರಿಪಡಿಸಿದಳು. ಉತ್ತರ ಮಂಚದ ಕೆಳಗಿತ್ತು. ನೆಲ ಮುಟ್ಟುವಂತೆ ಇಳಿಬಿಟ್ಟ ಹೊದಿಕೆಯ ಹಿಂದೆ ಆರು ತಗಡಿನ ಡಬ್ಬಿಗಳು, ಅವುಗಳಲ್ಲಿ 1931ರ ಒಂದು ಹಾಲಿವುಡ್ ಚಿತ್ರ. ಅದು ನೈಟ್ರೇಟ್ ಫಿಲ್ಮು; ಕಿಡಿ ತಾಗಿದರೆ ನೀರಿನಲ್ಲಿ ಮುಳುಗಿಸಿದರೂ ಆರದೆ ಉರಿಯುವಂಥದ್ದು. ಮನೆಯಲ್ಲೆಲ್ಲ ಈ ಕೋಣೆಯೇ ತಂಪು ಎಂದು ಗಂಡ ಇಪ್ಪತ್ತಾರು ವರ್ಷ ಆ ಡಬ್ಬಿಗಳ ಮೇಲೆ ಮಲಗಿದ್ದ. ಇವತ್ತೂ ಅಲ್ಲೇ ಮಲಗಿದ್ದ.

ಹನ್ನೆರಡಕ್ಕೆ ಚಿತ್ರ ಸಂಗ್ರಹಾಲಯದ ವ್ಯಾನು ಬರಬೇಕು, ಒಂದಕ್ಕೆ ಹೆಣದ ಗಾಡಿ. ವ್ಯಾನಿನ ದಿನ ಗೊತ್ತುಮಾಡಿದವನು ಅವನೇ. ಬರಬೇಡಿ ಎಂದು ಫೋನು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಮತ್ತೆ ಅವರು ಈ ಕಡೆ ಬರುವುದು ಮುಂದಿನ ವರ್ಷ. ಇನ್ನೊಂದು ಬೇಸಿಗೆಯನ್ನು ರೀಲುಗಳು ತಡೆಯುವುದಿಲ್ಲ. ಇವತ್ತು ವ್ಯಾನು ಬರುವವರೆಗೆ ಕೆಳಗಿನ ಮನೆಯಲ್ಲೇ ಇರುವ ಮಾಲೀಕನಿಗೆ ಸುಳಿವು ಸಿಗಬಾರದು. ಸಿಕ್ಕರೆ ಅಗ್ನಿಶಾಮಕದವರು ಬಂದು, ಬಯಲಿಗೆ ಒಯ್ದು ಸುಟ್ಟುಹಾಕುತ್ತಾರೆ.

ಮಾಲೀಕ ಆಗಲೇ ಮೂಗು ಅರಳಿಸುತ್ತಾ ಒಳಗೆ ಬಂದಿದ್ದ. "ಏನಮ್ಮ ಇದು, ಹಳೇ ಕಾಲುಚೀಲದ ಹಾಗೆ ವಾಸನೆ?"

"ಔಷಧದ್ದು."

"ಇಂಥಾ ಔಷಧ ಕುಡಿದ್ರೆ ಯಾರು ತಾನೇ ಉಳೀತಾರೆ, ಪಾಪ," ಎಂದು ಅವನು ಮುಂದಿನ ಕೋಣೆಗೆ ಹೋಗಿ ಕಿಟಕಿಯ ಬಳಿಯ ಕುರ್ಚಿಯಲ್ಲಿ ಭದ್ರವಾಗಿ ಕೂತ.

* * *

ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಮಸೂರ ತಿಕ್ಕುವ ಕೆಲಸದವನು. ಅಂಗಡಿಯ ಪಕ್ಕದ ಹಳೆಯ ಚಿತ್ರಮಂದಿರವನ್ನು ಕೆಡವಿದಾಗ ಕಸದ ಗುಡ್ಡೆಯಿಂದ ಈ ಡಬ್ಬಿಗಳನ್ನು ಎತ್ತಿ ತಂದ. ಆ ಚಿತ್ರ ಎಲ್ಲೂ ವಾರಕ್ಕಿಂತ ಹೆಚ್ಚು ಓಡಿರಲಿಲ್ಲ. ಸ್ಟುಡಿಯೋದವರ ಬಳಿಯೂ ಪ್ರತಿ ಉಳಿದಿಲ್ಲ ಎಂದು ಅವನಿಗೆ ಆಮೇಲೆ ಕಾಗದ ಬರೆದಾಗ ಗೊತ್ತಾಯಿತು. ಇದ್ದದ್ದು ಆರು ರೀಲು. ಏಳನೆಯದು, ಕೊನೆಯದು, ಇರಲಿಲ್ಲ.

ಬೆಂಕಿಯ ಭಯಕ್ಕೆ ಅದನ್ನು ಓಡಿಸಲು ಯಾವ ಪ್ರೊಜೆಕ್ಟರಿನವನೂ ಒಪ್ಪಲಿಲ್ಲ. ಹಾಗಾಗಿ ಭಾನುವಾರದ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಮೊಳದುದ್ದ ಬಿಚ್ಚಿ, ತಾನೇ ತಿಕ್ಕಿದ ಮಸೂರವನ್ನು ಕಣ್ಣಿಗಿಟ್ಟು, ಒಂದೊಂದೇ ಚೌಕ ನೋಡಿ ಹೆಂಡತಿಗೆ ಕತೆ ಹೇಳುತ್ತಿದ್ದ.

"ಈಗ ಬಾಗಿಲು ತೆಗೀತಾಳೆ... ಇನ್ನೂ ತೆಗೀತಾನೇ ಇದಾಳೆ..."

"ಬೇಗ ತೆಗೀ ಅನ್ರೀ ಅವಳಿಗೆ. ಒಲೆ ಮೇಲೆ ಹಾಲಿದೆ."

ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ. ಆ ಬಾಗಿಲು ಪೂರ್ತಿ ತೆರೆಯುವಷ್ಟರಲ್ಲಿ ಹಾಲು ಉಕ್ಕಿತ್ತು.

ಕೊನೆಯ ಬಗ್ಗೆ ಇಬ್ಬರಿಗೂ ಜಗಳ. "ಅವಳು ಹಡಗು ಹತ್ತಿ ಹೋಗಿಬಿಡ್ತಾಳೆ," ಎನ್ನುತ್ತಿದ್ದ ಅವನು.

"ಎಲ್ಲಿಗೆ ಹೋಗ್ತಾಳೆ? ಅವಳ ಕೋಟು ಇನ್ನೂ ಗೂಟದ ಮೇಲೇ ಇದೆ," ಎನ್ನುತ್ತಿದ್ದಳು ಹೊಲಿಗೆಯಮ್ಮ.

ಹೋದ ತಿಂಗಳು ಅವನ ಕಣ್ಣು ಮಂಜಾಗಿ ಮಸೂರವೂ ಕೈಯಲ್ಲಿ ನಿಲ್ಲದಾದಾಗ ಅವಳೇ ಕೇಳಿದ್ದಳು: "ಇದು ಓಡೋದನ್ನ ಯಾವಾಗ್ರೀ ನೋಡೋದು?" "ನೀನು ನೋಡ್ತೀಯ, ತಾಳು," ಎಂದಿದ್ದ.

* * *

ವ್ಯಾನಿನೊಂದಿಗೆ ಬಂದ ಸಂಗ್ರಹಾಲಯದ ಹೆಂಗಸು ಹೆಣಕ್ಕೆ ಕೈಮುಗಿದು, ಸದ್ದಿಲ್ಲದೆ ಮೊದಲ ಡಬ್ಬಿ ಎಳೆದಳು. ಹೊಲಿಗೆಯಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮೆಟ್ಟಿಲ ತಲೆಯಲ್ಲಿ ಮೈದುನ ಅಡ್ಡ ನಿಂತಿದ್ದ.

"ಹೆಣ ಇನ್ನೂ ಎತ್ತಿಲ್ಲ, ಆಗಲೇ ಗಂಟು ಸಾಗಿಸ್ತಿದೀರಾ? ಬಿಚ್ಚಿ, ನೋಡೋಣ."

ಅವನ ತುಟಿಯಲ್ಲಿ ಸಿಗರೇಟಿತ್ತು. ಮುಚ್ಚಳಕ್ಕೆ ಕೈಹಾಕಿ ಬಾಗಿದ. ಬೂದಿ ಒಂದಂಗುಲ ಬೆಳೆದು ಬಾಗಿತ್ತು.

ಹೊಲಿಗೆಯಮ್ಮ ಉರಿಯುವ ತುದಿಯನ್ನು ಬರಿಗೈಯಲ್ಲೇ ಕಿತ್ತು ಹಿಸುಕಿದಳು.

"ಫಿಲ್ಮು ಕಣೋ ಅದು! ಕಿಡಿ ಬಿದ್ರೆ ನೀನೂ ಇರಲ್ಲ, ನಿಮ್ಮಣ್ಣನ್ನ ಮಣ್ಣು ಮಾಡೋಕೆ ನಾವೂ ಇರಲ್ಲ!"

ಮೈದುನ ಕೈ ಹಿಂದಕ್ಕೆಳೆದುಕೊಂಡ. ಕುರ್ಚಿ ಸರಿದ ಸದ್ದಾಯಿತು.

"ಇಷ್ಟು ವರ್ಷ ನನ್ನ ತಲೆ ಮೇಲೆ ಬೆಂಕಿ ಇಟ್ಕೊಂಡಿದ್ರಾ?" ಮಾಲೀಕ ಬಾಗಿಲಿಗೆ ಬಂದು ನಿಂತ. "ಕೆಳಗೆ ನನ್ನ ಮೊಮ್ಮಕ್ಕಳು ಮಲಗ್ತಾರಮ್ಮ!"

"ತಪ್ಪು ನಮ್ಮದೇ," ಎಂದಳು ಅವಳು.

"ಈಗಲೇ ಫೋನ್ ಮಾಡ್ತೀನಿ."

"ಹತ್ತು ನಿಮಿಷ ಕೊಡಿ, ಸಾರ್," ಎಂದಳು ಸಂಗ್ರಹಾಲಯದ ಹೆಂಗಸು. "ಹಳೇ ಫಿಲ್ಮು ಕೆಡ್ತಾ ಬಂದ ಹಾಗೆ ನಾರುತ್ತೆ, ಕುಗ್ಗುತ್ತೆ. ತುಂಬಾ ಕುಗ್ಗಿದ್ರೆ ಪ್ರತಿ ತೆಗೆಯೋ ಯಂತ್ರದಲ್ಲಿ ಹರಿದುಹೋಗುತ್ತೆ, ನಮಗೂ ಬೇಡ. ಆಗ ನಾನೇ ಅಗ್ನಿಶಾಮಕದವರಿಗೆ ಒಪ್ಪಿಸ್ತೀನಿ. ಇಲ್ಲಾಂದ್ರೆ ಆರೂ ಈಗಲೇ ವ್ಯಾನಿಗೆ. ಅಮ್ಮ, ಎಲ್ಲಕ್ಕಿಂತ ಹೆಚ್ಚು ನಾರೋ ಡಬ್ಬಿ ಯಾವುದು? ಅದು ಸರಿಯಿದ್ರೆ ಉಳಿದವೂ ಸರಿ."

ಆರನೆಯದು. ಮುಂದಿನ ಕೋಣೆಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಬಿಚ್ಚಿದರು.

"ಅಂಚಿನ ನೂರು ತೂತಿನ ಉದ್ದ, ಹೊಸದರಲ್ಲಿ ನಾನೂರ ಎಪ್ಪತ್ತೈದು ಮಿಲಿಮೀಟರ್. ನಾನೂರ ಎಪ್ಪತ್ತಕ್ಕಿಂತ ಕಮ್ಮಿಯಾದ್ರೆ ಮುಗೀತು."

ಹೊಲಿಗೆಯಮ್ಮ ಸೂಜಿಯ ತುದಿಯನ್ನು ತೂತುಗಳ ಮೇಲೆ ಆಡಿಸುತ್ತಾ ಎಣಿಸಿದಳು. ಸುಟ್ಟ ಅಂಗೈ ಚುರುಗುಟ್ಟುತ್ತಿತ್ತು. ಅರವತ್ತಕ್ಕೆ ಬರುವಾಗ ಕೆಳಗೆ ಹೆಣದ ಗಾಡಿ ಹಾರನ್ ಮಾಡಿತು, ಯಾರೂ ಕದಲಲಿಲ್ಲ. ಮಾಲೀಕ ತುಟಿಯಲ್ಲೇ ಎಣಿಸುತ್ತಿದ್ದ. ಮೈದುನ ಫಿಲ್ಮಿನ ಇನ್ನೊಂದು ತುದಿಯನ್ನು, ಎಳೆಗೂಸಿನ ತಲೆಗೆ ಆಸರೆ ಕೊಟ್ಟಂತೆ, ಎರಡೂ ಕೈಯಲ್ಲಿ ಹಿಡಿದಿದ್ದ.

"ತೊಂಬತ್ತೊಂಬತ್ತು. ನೂರು."

ಸಂಗ್ರಹಾಲಯದ ಹೆಂಗಸು ಉಕ್ಕಿನ ಅಳತೆಪಟ್ಟಿ ಜೋಡಿಸಿ ಹಿಂದೆ ಸರಿದಳು. "ನೀವೇ ಓದಿ, ಅಮ್ಮ."

ಹೊಲಿಗೆಯಮ್ಮ ಬಾಗಿದಳು. ನಾನೂರ ಎಪ್ಪತ್ತೆರಡು ಮಿಲಿಮೀಟರ್.