ಮಿಂಚುಳ್ಳಿಯ ರೆಕ್ಕೆಯಲ್ಲಿದ್ದ ಮಾತು

ನಾನು ನೀಲಿ ಬಣ್ಣದ ಒಂದು ಅಂಚೆಚೀಟಿ. ಹಾಗೆಂದ ಕೂಡಲೇ ಸುತ್ತ ಹಲ್ಲುಹಲ್ಲಾದ ಅಂಚು ನಿಮ್ಮ ಕಣ್ಣಿಗೆ ಬಂದಿರಬಹುದು. ನನಗೆ ಆ ಹಲ್ಲುಗಳಿಲ್ಲ, ಬೆನ್ನಿಗೆ ಅಂಟೂ ಇಲ್ಲ. ನಾನು ಇನ್‌ಲ್ಯಾಂಡ್ ಕಾಗದದ ಮೇಲೆಯೇ ಅಚ್ಚಾಗಿ ಹುಟ್ಟಿದ್ದು. ಬಿಡಿ ಚೀಟಿಗಳು ಲಕೋಟೆಗೆ ಅಂಟಿಕೊಳ್ಳುತ್ತವೆ, ನೀರಿನಲ್ಲಿ ನೆನೆಸಿದರೆ ಬಿಟ್ಟುಕೊಡುತ್ತವೆ. ನನ್ನ ಕುಲ ಹಾಗಲ್ಲ. ನಾನೂ ಕಾಗದವೂ ಒಂದೇ ಮೈ. ನನ್ನ ಮುಖ ಹೊರಗೆ, ಬೆನ್ನು ಒಳಗೆ. ಆ ಬೆನ್ನ ಮೇಲೆಯೇ ಜನ ತಮ್ಮ ಸುಖದುಃಖ ಬರೆಯುತ್ತಾರೆ. ಇದೊಂದನ್ನು ನೆನಪಿಟ್ಟುಕೊಳ್ಳಿ. ನನ್ನ ತಪ್ಪೆಲ್ಲ ಇಲ್ಲಿಂದಲೇ ಹುಟ್ಟಿತು.

ಎಲ್ಲೋ ದೂರದ ಅಚ್ಚಿನ ಯಂತ್ರದಿಂದ ಕಟ್ಟಾಗಿ ಹೊರಟು ನಾನು ಬಂದು ಇಳಿದದ್ದು ಗೋವಾದ ವಾಸ್ಕೋಗೆ. ಮೂವತ್ತು ವರ್ಷಗಳ ಹಿಂದಿನ ಮಾತು. ಅಂಚೆ ಕಚೇರಿಯ ಕಿಟಕಿಯಲ್ಲಿ ನನ್ನನ್ನು ಕೊಂಡವನ ಹೆಸರು ಮುದಕಪ್ಪ. ಹೆಸರಷ್ಟೇ ಮುದುಕನದು, ವಯಸ್ಸು ಇಪ್ಪತ್ತಾರು. ಹಡಗಿನಿಂದ ಚೀಲ ಇಳಿಸುವ ಕೆಲಸ. ತಗಡಿನ ಶೆಡ್ಡಿನಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟು, ರೀಫಿಲ್ ಪೆನ್ನಿನಿಂದ ಅಕ್ಕನಿಗೆ ಬರೆದ. ಮಡಿಚಿ ಅಂಟಿಸಬೇಕು ಅನ್ನುವಷ್ಟರಲ್ಲಿ ಏನೋ ಯೋಚನೆ ಬಂದು ಮತ್ತೆ ಬಿಚ್ಚಿದ. ಜಾಗ ಉಳಿದಿದ್ದದ್ದು ನನ್ನ ಬೆನ್ನಿನಷ್ಟೇ. ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿ ಒತ್ತಿ ಬರೆದ. ಸಾಲದೆ ಕೊನೆಯ ಮಾತು ನನ್ನ ಅಂಚು ದಾಟಿ ಪಕ್ಕದ ಕಾಗದಕ್ಕೂ ಹರಿಯಿತು. ಅವನ ಕೈ ಬಿಸಿಯಾಗಿತ್ತು. ಏನು ಬರೆದ ಅನ್ನುವುದು ನನಗೆ ಕಾಣಲಿಲ್ಲ. ಬೆನ್ನ ಮೇಲಿನದ್ದು ಬೆನ್ನಿಗೆ ಎಲ್ಲಿ ಕಾಣುತ್ತದೆ?

ಆ ಅಕ್ಕನೇ ಬೆಟಗೇರಿಯ ಫಕೀರವ್ವ. ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದವಳು. ತಂದೆ ತಾಯಿ ಇಲ್ಲದ ತಮ್ಮನನ್ನು ಸಾಕಿದ್ದೂ ಅವಳೇ. ಅವಳಿಗೆ ಓದು ಬರುತ್ತಿರಲಿಲ್ಲ. ತಮ್ಮನ ಕಾಗದ ಬಂದರೆ ಎದುರು ಮನೆಯ ಇಂದುಮತಿ ಅಕ್ಕೋರ ಹತ್ತಿರ ಓಡುತ್ತಿದ್ದಳು. ಅಕ್ಕೋರು ಸಾಲಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು.

ನನ್ನನ್ನು ಹೊತ್ತ ಕಾಗದ ತಲುಪಿದಾಗ ಅಕ್ಕೋರು ಚಪ್ಪಲಿ ಮೆಟ್ಟಿ ಹೊರಟು ನಿಂತಿದ್ದರು. ನಿಂತಲ್ಲೇ ಬಿಚ್ಚಿ, ಕಣ್ಣು ಹಾಯಿಸಿ, "ಆರಾಮ ಅದಾನಂತ. ಪಂಚಮಿಗೆ ನಿನ್ನ ಕರಕೊಂಡು ಹೋಗಾಕ ಬರ್ತಾನಂತ ನೋಡವಾ," ಅಂದರು.

"ಮತ್ತೇನರ ಬರದಾನೇನ್ರಿ?"

"ಅಷ್ಟ. ಎಲ್ಲಾ ಆರಾಮ."

ಊರಲ್ಲಿ ಕಾಗದ ಓದಿ ಹೇಳುವವರೆಲ್ಲ ಹೀಗೆಯೇ. ಅಕ್ಷರ ಓದುವುದಿಲ್ಲ, ಸಾರ ಹೇಳುತ್ತಾರೆ. ಕೇಳುವವರಿಗೂ ಅಷ್ಟೇ ಸಾಕು ಎಂದು ಅವರ ನಂಬಿಕೆ.

ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಬರುವುದು ಆ ಕಡೆಯ ಪದ್ಧತಿ. ಫಕೀರವ್ವನಿಗೆ ತವರೆಂದರೆ ಇನ್ನು ವಾಸ್ಕೋದ ಆ ಶೆಡ್ಡೇ. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಗಂಟು ಮಾಡಿ ಬಾಗಿಲಲ್ಲಿ ಕೂತಳು. ಮುದಕಪ್ಪ ಬರಲಿಲ್ಲ. ಮರುದಿನವೂ ಇಲ್ಲ. ನೆರೆಯವರು ಕೆಣಕಿದರು. "ಏನವಾ ಫಕೀರವ್ವ, ನಿನ್ನ ತಮ್ಮ ನಡಕೊಂಡ ಹೊಂಟಾನೇನು?" ಅವಳು ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿದಳು. ಅಕ್ಕೋರು, "ಒಂದು ಕಾಗದ ಬರದು ಕೇಳೂಣಲ್ಲ?" ಎಂದಾಗ, "ಬ್ಯಾಡ್ರಿ. ಮಾತು ಕೊಟ್ಟಾವ ಅವನ, ಅವನ ಬರಲಿ," ಎಂದಳು. ದೀಪಾವಳಿಯ ಮುಂದೆ ಅವನ ಜೊತೆಗಾರನೊಬ್ಬ ಬಂದು, ಮುದಕಪ್ಪ ಶ್ರಾವಣದಲ್ಲೇ ಜ್ವರದಿಂದ ಹೋದನೆಂದು ಹೇಳಿದ. ಫಕೀರವ್ವ ಅತ್ತಳು. ಆದರೆ ಅಳುವಿನ ಅಡಿಯಲ್ಲಿ ಸಿಟ್ಟು ಹಾಗೇ ಉಳಿಯಿತು. ಬರ್ತೀನಿ ಎಂದವ ಒಂದು ಮಾತು ತಿಳಿಸಬಾರದಿತ್ತೇ?

ನಾವು ಹದಿನಾಲ್ಕು ಕಾಗದಗಳು ಬಿಸ್ಕತ್ತಿನ ಡಬ್ಬಿ ಸೇರಿದೆವು. ಅಲ್ಲಿ ಹದಿನೆಂಟು ವರ್ಷ ಮಲಗಿದೆವು.

ಅಷ್ಟರಲ್ಲಿ ಅಕ್ಕೋರು ನಿವೃತ್ತರಾಗಿ ಹೊಸ ಹುಚ್ಚೊಂದು ಹಿಡಿಸಿಕೊಂಡಿದ್ದರು. ಹಳೆಯ ಅಂಚೆಚೀಟಿ ಕೂಡಿಸುವುದು, ಲಕೋಟೆಯ ತುಂಡನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ನೆನೆಸುವುದು, ಬಿಟ್ಟ ಚೀಟಿಗಳನ್ನು ಚಿಮಟದಿಂದ ಎತ್ತಿ ಹಳೆ ಪೇಪರಿನ ಮೇಲೆ ಒಣಗಿಸುವುದು, ಬಣ್ಣ ಬಣ್ಣ ಬೇರೆ ಮಾಡಿ ರಟ್ಟಿನ ಮೇಲೆ ಅಂಟಿಸಿ ಚಿತ್ರ ಮಾಡುವುದು. ಅಂಟೂ ಮನೆಯದೇ. ಮೈದಾ ಕುದಿಸಿ, ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. ಕಂದು ಚೀಟಿಗಳಿಂದ ಟೊಂಗೆ, ಹಸಿರಿನಿಂದ ಜೊಂಡು, ಮಾಸಲು ಬಿಳಿಯಿಂದ ಕೆರೆಯ ನೀರು. ಟೊಂಗೆಯ ಮೇಲೊಂದು ಮಿಂಚುಳ್ಳಿ ಕೂರಬೇಕಿತ್ತು. ಅದಕ್ಕೆ ಬೇಕಾದ ನೀಲಿ ಮಾತ್ರ ಸಿಕ್ಕಿರಲಿಲ್ಲ.

ರೊಟ್ಟಿ ಕೊಡಲು ಬಂದ ಫಕೀರವ್ವ ಕೇಳಿಸಿಕೊಂಡು ಡಬ್ಬಿ ತಂದಳು.

"ಇದರಾಗ ನೀಲಿ ಭಾಳ ಅದಾವ್ರಿ ಅಕ್ಕೋರೆ, ಕತ್ತರಿಸಿಕೋರಿ. ನನಗೇನು ಓದಾಕ ಬರತೈತೇನು?"

ಅಕ್ಕೋರು ನಮ್ಮನ್ನು ಬೆಳಕಿಗೆ ಹಿಡಿದರು. ನನ್ನನ್ನು ನೋಡಿ, "ಇದು ನೋಡು ಬಣ್ಣ ಅಂದ್ರ," ಎಂದರು. ನಾನು ಹಿಗ್ಗಿದೆ. ಬೆನ್ನಿನ ಮೇಲೆ ಒಬ್ಬನ ಬಿಸಿ ಕೈ ಊರಿತ್ತು ಅನ್ನುವುದು ಆ ಗಳಿಗೆಯಲ್ಲಿ ಮರೆತೇಹೋಯಿತು. ಕತ್ತರಿ ಬಂತು. ಹಿಂದೆ ಬರಹ ಇರುವುದು ಅಕ್ಕೋರಿಗೆ ಕಾಣದೆ ಇರಲಿಲ್ಲ. ಓದಿ ಮುಗಿದ ಕಾಗದ ತಾನೇ ಅಂದುಕೊಂಡರು. ಓದಬಲ್ಲವರು ಮಾತ್ರ ಮಾಡುವ ತಪ್ಪು ಅದು. ಒಂದು ಕಾಗದ ಒಮ್ಮೆ ಓದಿದರೆ ಮುಗಿಯುತ್ತದೆ ಎಂದು ಅವರಿಗೆ ಅನ್ನಿಸುತ್ತದೆ. ಗರಿಯ ಆಕಾರ ಬರಲೆಂದು ನನ್ನ ಎರಡು ಮೂಲೆಗಳನ್ನೂ ಸವರಿ, ಬೆನ್ನಿಗೆ ಮೈದಾ ಬಳಿದು, ಮಿಂಚುಳ್ಳಿಯ ರೆಕ್ಕೆಗೆ ಒತ್ತಿದರು. ತೂತು ಬಿದ್ದ ಕಾಗದಗಳನ್ನು ಒಪ್ಪವಾಗಿ ಮಡಿಚಿ ಡಬ್ಬಿಯಲ್ಲಿಟ್ಟು ಹಿಂದಿರುಗಿಸಿದರು.

ಮಿಂಚುಳ್ಳಿಯ ಚಿತ್ರಕ್ಕೆ ಹೆಸರು ಬಂತು. ಪ್ರದರ್ಶನಕ್ಕೆ ಹೋಯಿತು, ಪೇಪರಿನಲ್ಲಿ ಬಂತು. ಎಷ್ಟೋ ಜನ ಕೇಳಿದರೂ ಅಕ್ಕೋರು ಅದನ್ನು ಯಾರಿಗೂ ಕೊಡಲಿಲ್ಲ. ಗಾಜಿಲ್ಲದ ಚೌಕಟ್ಟು ಹಾಕಿ ಪಡಸಾಲೆಯಲ್ಲೇ ತೂಗುಹಾಕಿದರು. ಹನ್ನೆರಡು ವರ್ಷ ನಾನು ಅಲ್ಲಿಂದಲೇ, ಬಂದುಹೋದವರ ಹೊಗಳಿಕೆ ಕೇಳಿದೆ.

ಓಣಿಯಲ್ಲಿ ದೊಡ್ಡವರಿಗೆ ಓದು ಕಲಿಸುವ ವರ್ಗ ಶುರುವಾದಾಗ ಫಕೀರವ್ವನನ್ನು ದಬ್ಬಿ ಕಳಿಸಿದ್ದು ಅಕ್ಕೋರೇ. "ಈ ವಯಸ್ಸಿಗೆ ನಾ ಏನ್ ಸಾಹೇಬಳಾಗ್ತೀನ್ರಿ?" ಎಂದು ನಗುತ್ತಲೇ ಹೋದಳು. ಮೊದಲು ತನ್ನ ಹೆಸರು, ಆಮೇಲೆ ಬಸ್ಸಿನ ಬೋರ್ಡು, ಆಮೇಲೆ ಪೇಪರಿನ ದೊಡ್ಡಕ್ಷರ. ಒಂದು ಮಧ್ಯಾಹ್ನ ಬಿಸ್ಕತ್ತಿನ ಡಬ್ಬಿ ತೆಗೆದಳು.

ಮೂರನೆಯ ದಿನ ಅವಳು ಎದುರು ಮನೆಗೆ ಬಂದಳು. ಕೈಯಲ್ಲಿ ನನ್ನ ಕಾಗದ. ಅದರ ಮೂಲೆಯ ತೂತಿನಿಂದ ಅವಳ ಸೀರೆಯ ಹಸಿರು ಕಾಣುತ್ತಿತ್ತು.

"ಅಕ್ಕೋರೆ, ಪಂಚಮಿಗೆ ಕರೆಯಾಕ ಬರ್ತೀನಿ ಅಂತ ಬರದಾನ, ಖರೆ. ಆದ್ರ ತೂತಿನ ಆ ಕಡೆ ನೋಡ್ರಿ. 'ಇಳಿದು ಯಾರನ್ನ ಕೇಳಿದ್ರೂ ನನ್ನ ಶೆಡ್ ತೋರಸ್ತಾರ.' ಕರೆಯಾಕ ಬರಾವ ಅವ. ಮತ್ತ ಇಳಿಯೋರು ಯಾರ್ರಿ?"

ಅಕ್ಕೋರು ಕಾಗದ ಹಿಡಿದು ಆ ಸಾಲು ಓದಿದರು. ಆಮೇಲೆ ಗೋಡೆಯ ಕಡೆ ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ರೆಕ್ಕೆಯ ಮೇಲಿನಿಂದಲೇ ಕಂಡೆ.

"ನಾ ಅವತ್ತು ಪೂರಾ ಓದಲಿಲ್ಲವಾ," ಎಂದರು. "ಸಾಲಿಗೆ ಹೊತ್ತಾಗಿತ್ತು."

ಫಕೀರವ್ವನ ಕಣ್ಣೂ ಗೋಡೆಗೆ ಹೋಯಿತು.

ಅಕ್ಕೋರು ಚಿತ್ರ ಇಳಿಸಿ ಮೇಜಿನ ಮೇಲೆ ಮಲಗಿಸಿದರು. ಬೆಚ್ಚಗಿನ ನೀರಲ್ಲಿ ಅರಿವೆ ಅದ್ದಿ, ಹಿಂಡಿ, ಮಿಂಚುಳ್ಳಿಯ ಮೈಗೆ ಹಾಸಿದರು. ಮೈದಾ ಮೆತ್ತಗಾಯಿತು. ಒಂದೊಂದೇ ಗರಿಯನ್ನು ಚಿಮಟದಿಂದ ಎಬ್ಬಿಸಿ ತೂತಿಗೆ ಹಿಡಿದು ನೋಡುತ್ತ ಹೋದರು. ಹತ್ತು ಕೂಡಲಿಲ್ಲ. ಹನ್ನೊಂದನೆಯದು ನಾನು.

ನನ್ನನ್ನು ಬೋರಲು ಮಾಡಿದರು. ಅವರ ಕಣ್ಣು ಚುರುಕು, ಒಂದೇ ನೋಟಕ್ಕೆ ಓದಿಬಿಟ್ಟರು. ಫಕೀರವ್ವ ಹೊಸ್ತಿಲಲ್ಲಿ ಕೂತಿದ್ದಳು, ಮುಖ ಬೀದಿಯ ಕಡೆ. ಅಕ್ಕೋರ ಹೆಬ್ಬೆರಳು ಒದ್ದೆಯಾಗಿತ್ತು. ನೆನೆದ ಕಾಗದ ನಾನು. ಬೆರಳಿನಿಂದ ಎರಡು ಸಲ ಉಜ್ಜಿದ್ದರೆ ಸಿಪ್ಪೆ ಏಳುತ್ತಿತ್ತು. ಬರಹ ಅಂಟಿನಲ್ಲಿ ಕರಗಿಹೋಗಿದೆ ಅಂದರೆ ಫಕೀರವ್ವ ನಂಬದೆ ಏನು ಮಾಡುತ್ತಿದ್ದಳು? ಆ ಬೆರಳು ನನ್ನ ಬೆನ್ನ ಮೇಲೆ ಬಂದು ನಿಂತಿತು. ನಿಜ ಹೇಳುತ್ತೇನೆ, ಉಜ್ಜಲಿ ಎಂದು ನಾನೂ ಬಯಸಿದೆ. ಹನ್ನೆರಡು ವರ್ಷ ಬಾಯಿ ಮುಚ್ಚಿದ್ದ ನನಗೂ ಮುಖ ತಪ್ಪಿಸಿಕೊಳ್ಳಬೇಕಿತ್ತು.

ಬೆರಳು ಮೇಲೆದ್ದಿತು.

"ಸಿಕ್ಕೇತಿ ಫಕೀರವ್ವ. ಓದಿ ಹೇಳಲೇನು?"

"ಬ್ಯಾಡ್ರಿ. ನೀವು ಓದಬ್ಯಾಡ್ರಿ. ನಾನ ಓದ್ತೀನಿ."

ಅಂಗೈಯಲ್ಲಿ ನನ್ನನ್ನಿಟ್ಟುಕೊಂಡು, ಹಿಟ್ಟು ಮೆತ್ತಿದ ಬೆರಳನ್ನು ಒಂದೊಂದು ಅಕ್ಷರದ ಕೆಳಗೆ ಸರಿಸುತ್ತ ಕೂಡಿಸಿದಳು. ಆಗಲೇ ನನ್ನ ಬೆನ್ನಿನ ಮಾತು ನನಗೂ ಕೇಳಿಸಿತು.

"ಜ್ವ...ರ ಬಿ...ಟ್ಟಿಲ್ಲ. ನಾ ಬ...ರ...ದಿದ್ರ ನೀ...ನ ಬಾ. ರೈ...ಲು ನಿಂ...ತಲ್ಲೆ..."

ಮುಂದಿನದ್ದು ಕತ್ತರಿ ಸವರಿದ ಮೂಲೆ. ಅದರ ಮುಂದಿನದ್ದು ಕಾಗದದ ಮೇಲಿತ್ತು. ಇಳಿದು ಯಾರನ್ನ ಕೇಳಿದ್ರೂ.

ನನ್ನನ್ನು ಕಾಗದದ ತೂತಿಗೆ ಹೊಂದಿಸಿಡುತ್ತ ಅವಳೆಂದಳು, "ಗಂಟು ಕಟ್ಟಿಕೊಂಡ ಕುಂತಿದ್ನೆಲ್ರಿ. ಅದನ್ನ ತಗೊಂಡು ರೈಲು ಹತ್ತಿದ್ರ ಆಗ್ತಿತ್ತು."

"ತಪ್ಪು ನಂದವಾ."

"ಹೌದ್ರಿ, ನಿಮ್ಮದ," ಎಂದಳು ಫಕೀರವ್ವ. ದನಿ ಏರಲಿಲ್ಲ. "ಆದ್ರ ಮೂವತ್ತು ವರ್ಷ ಅವನ್ನ ಸುಳ್ಳಬುರುಕ ಅಂತ ಬೈದಾಕಿ ನಾನು. ಅದನ್ನ ಯಾರ ಮ್ಯಾಲೆ ಹಾಕಲಿ?"

ಅಕ್ಕೋರು ಉಳಿದ ಮೂರು ಗರಿಗಳನ್ನೂ ಎಬ್ಬಿಸಿದರು. ಹದಿನಾಲ್ಕು ಕಾಗದಗಳ ಹದಿನಾಲ್ಕು ತೂತಿಗೂ ಅದರದರ ಚೀಟಿ ಹಚ್ಚಿ, ತೆಳು ಕಾಗದದ ಪಟ್ಟಿ ಅಂಟಿಸಿ ಕೊಟ್ಟರು. ಚಿತ್ರವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರಂತೆ. ಟೊಂಗೆಯ ಮೇಲೆ ಈಗ ಹಕ್ಕಿಯ ಆಕಾರದ ಬರಿಯ ರಟ್ಟು. ಏನಿದು ಎಂದು ಬಂದವರು ಕೇಳಿದರೆ, "ಅಲ್ಲಿ ಇದ್ದದ್ದು ನನ್ನದಲ್ಲ," ಎನ್ನುತ್ತಾರಂತೆ.

ನಾನು ಬಿಸ್ಕತ್ತಿನ ಡಬ್ಬಿಯಲ್ಲಿದ್ದೇನೆ. ಬಣ್ಣ ಮಾಸಿದೆ, ಮೈದಾದಿಂದ ಮೈ ಸೆಟೆದಿದೆ. ಹುಟ್ಟಿದ ಜಾಗಕ್ಕೆ ಮರಳಿದ್ದರೂ ಮೊದಲಿನಂತೆ ಒಂದೇ ಮೈ ಆಗಿಲ್ಲ. ಸುತ್ತ ಕೂದಲೆಳೆಯಷ್ಟು ಸಂದು, ಎರಡು ಮೂಲೆಗಳಲ್ಲಿ ಬೆಳಕು ತೂರುವಷ್ಟು ಖಾಲಿ. ಚೆಂದ ಕಾಣುವ ಆಸೆಗೆ ಬೆನ್ನ ಮೇಲಿನ ಭಾರ ಮರೆತವರಿಗೆ ಅಷ್ಟಾದರೂ ಗುರುತು ಇರಬೇಕು.

ಪಂಚಮಿಯ ದಿನ ಫಕೀರವ್ವ ಡಬ್ಬಿ ತೆಗೆಯುತ್ತಾಳೆ. ಎದುರು ಮನೆಯಿಂದ ಅಕ್ಕೋರೂ ಬಂದು ಗೋಡೆಗೆ ಒರಗಿ ಕೂರುತ್ತಾರೆ. ಬರ್ರಿ ಎಂದು ಅವಳು ಕರೆಯುವುದಿಲ್ಲ, ಯಾಕೆ ಬಂದಿರಿ ಎಂದೂ ಕೇಳುವುದಿಲ್ಲ. ಕಾಗದವನ್ನು ದನಿ ಎತ್ತಿ ಓದುತ್ತಾಳೆ. ತಾರೀಖು, ಕ್ಷೇಮ ಸಮಾಚಾರ, ಇಂತಿ ನಿನ್ನ ತಮ್ಮ, ವಿಳಾಸ, ಪಿನ್ ಕೋಡು, ಯಾವುದನ್ನೂ ಬಿಡುವುದಿಲ್ಲ. ನನ್ನ ಮೂಲೆಗೆ ಬಂದಾಗ, ಕತ್ತರಿ ತಿಂದ ಕಡೆ, ಅವಳ ಬೆರಳು ನಿಲ್ಲುತ್ತದೆ. ಅಲ್ಲಿ ಏನಿತ್ತು ಎಂದು ಊಹಿಸಿ ತುಂಬುವುದಿಲ್ಲ. ಆ ಖಾಲಿಯನ್ನು ಬೆರಳಿನಿಂದಲೇ ದಾಟಿ, ಮುಂದಿನ ಅಕ್ಷರಕ್ಕೆ ಹೋಗುತ್ತಾಳೆ.