ಭಾವ ಕಲಿಸಿದ ಫ್ರೆಟ್ ಓವರ್

ಇಂಗ್ಲಿಷ್ ಟ್ಯೂಷನ್ ನಡೆಸುತ್ತಿದ್ದ ಭಾವನಿಗೆ ಮನೆಯೂ ಒಂದು ತರಗತಿಯೇ. ನಾದಿನಿ ತನ್ನ ಹೊಲಿಗೆ ಅಂಗಡಿ ಮುಚ್ಚಿ ಅಕ್ಕನನ್ನು ನೋಡಲು ಹೋದಾಗಲೆಲ್ಲ ಅವಳ ಕಿವಿಗೂ ಒಂದು ಪಾಠ ಬೀಳುತ್ತಿತ್ತು.

ಆ ಸಂಜೆ ಅವಳು ಅಕ್ಕನ ಹೊಸ ರವಿಕೆಗೆ ಅಳತೆ ತೆಗೆಯುತ್ತಿದ್ದಳು. ಟೇಪು ಕಂಕುಳ ಕೆಳಗೆ ಬಂದಾಗ ಅಕ್ಕ ಮುಖ ಕಿವುಚಿದಳು.

"ಏನಕ್ಕಾ?"

"ಎದೇಲಿ ಒಂದು ಗಂಟು ಕಣೇ. ಇವರಿಗೆ ಹೇಳಿ ತಿಂಗಳಾಯ್ತು."

ಮಂಚದ ಮೇಲೆ ಕಾಲು ಚಾಚಿದ್ದ ಭಾವ ಕನ್ನಡಕ ಏರಿಸಿದ. "ಇದಕ್ಕೇ ಇಂಗ್ಲಿಷಲ್ಲಿ ಫ್ರೆಟ್ ಓವರ್ ಅನ್ನೋದು. ಫ್ರೆಟ್ ಅಂದ್ರೆ ಕೊರಗೋದು. ಯಾವುದಕ್ಕೆ ಕೊರಗ್ತೀವೋ ಅದು ಓವರ್ ಅನ್ನೋ ಪದದ ಮುಂದೆ ಬರ್ಬೇಕು. ಡೋಂಟ್ ಫ್ರೆಟ್ ಓವರ್ ಸ್ಮಾಲ್ ಥಿಂಗ್ಸ್. ಸಣ್ಣಪುಟ್ಟದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಅಂತ. ಎಲ್ಲಿ, ನೀನೊಂದು ವಾಕ್ಯ ಮಾಡು ನೋಡೋಣ."

ಹೆಂಡತಿಯ ಎದೆಯ ಗಂಟಿಗೂ ವ್ಯಾಕರಣ ಹೇಳುವ ಗಂಡಸು! ಸ್ಕೂಟರಿಗೆ ಉಗುರಿನಷ್ಟು ಗೀರು ಬಿದ್ದಾಗ ಇದೇ ಮಹಾಶಯ ಊಟ ಬಿಟ್ಟು, ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದ್ದ. ಆಗ ಯಾವ ಫ್ರೆಟ್ ಓವರೂ ಬಾಯಿಗೆ ಬಂದಿರಲಿಲ್ಲ.

"ವಾಕ್ಯ ನೀವೇ ಮಾಡ್ಕೊಳ್ಳಿ ಭಾವ," ಎಂದು ನಾದಿನಿ ಟೇಪು ಸುತ್ತಿ ಚೀಲಕ್ಕೆ ತುರುಕಿದಳು. "ಅಕ್ಕಾ, ನಾಳೆ ನಾನು ಅಂಗಡಿ ತೆಗೆಯಲ್ಲ. ಬೆಳಿಗ್ಗೆ ರೆಡಿಯಾಗಿರು."

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರೇ. "ಇನ್ನೂ ಹರಡಿಲ್ಲ, ಗುಣ ಮಾಡಬಹುದು. ಆದರೆ ಒಂದು ದಿನವೂ ತಡ ಮಾಡಬೇಡಿ," ಎಂದರು ಡಾಕ್ಟರಮ್ಮ. ಕೈಬಿಟ್ಟುಹೋದ ಆ ತಿಂಗಳನ್ನು ನೆನೆದು ನಾದಿನಿಯ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಅವಳ ಕೈಯನ್ನು ಬಿಗಿಯಾಗಿ ಹಿಡಿದು, ಆಪರೇಷನ್ ಯಾವತ್ತು ಎಂದು ಕೇಳಿದಳು.

ಆಪರೇಷನ್ ದಿನ ಭಾವ ಹಣ್ಣಿನ ಚೀಲ ಹಿಡಿದು ಬಂದ. ಬಂದವನೇ ಗೋಡೆಗೊರಗಿ, "ನಂಗೇ ಎದೆ ಡವಡವ ಅಂತಿದೆ, ಕೈಕಾಲೇ ಆಡ್ತಿಲ್ಲ," ಎಂದ. ನರ್ಸಮ್ಮ ಪಾಪವೆಂದು ಅವನನ್ನು ಕೂರಿಸಿ ನೀರು ಕೊಟ್ಟಳು. ಸುಧಾರಿಸಿಕೊಂಡ ಮೇಲೆ ಹಣ್ಣನ್ನೂ ಅವನೇ ತಿಂದ.

ಅಕ್ಕನನ್ನು ಮನೆಗೆ ಕಳಿಸುವ ದಿನ ಭಾವ ಆಸ್ಪತ್ರೆಯ ಬಾಗಿಲಲ್ಲೇ ಕೇಳಿದ: "ಅಡುಗೆಗೆ ಏನು ಮಾಡೋಣ? ನಂಗೆ ಹೋಟೆಲೂಟ ಒಗ್ಗಲ್ಲ ಅಂತ ಗೊತ್ತಲ್ಲ."

ನಾದಿನಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು: "ಒಗ್ಗಿಸ್ಕೊಳ್ಳಿ. ನಾನು ಇವಳ ಮನೇಲಿರ್ತೀನಿ."

ಮದುವೆಯಾದಾಗಿನಿಂದ ಅವನಿಗೆ ಒಂದು ಎದುರುಮಾತೂ ಆಡದಿದ್ದವಳು, ಪಕ್ಕೆ ಹಿಡಿದುಕೊಂಡು ಬಾಡಿಗೆ ಕಾರು ಹತ್ತಿ ಡ್ರೈವರಿಗೆ, "ನಿಧಾನಕ್ಕೆ ಓಡ್ಸಪ್ಪ," ಎಂದಳು.