ಸಾಲು ನುಂಗುವ ಯಂತ್ರ

ಅತ್ತೆಯ ಬೆರಳಿಗೆ ಸಿಗದೆ ಒಂದು ತಪ್ಪೂ ಆ ಗ್ರಂಥಾಲಯದ ಬಾಗಿಲು ದಾಟಿದ್ದಿಲ್ಲ. ಕಣ್ಣು ಕಾಣದವರಿಗಾಗಿ ಇದ್ದ ಗ್ರಂಥಾಲಯ ಅದು, ಎರಡನೇ ಮಹಡಿಯಲ್ಲಿ ಮೂರೇ ಕೋಣೆ. ಮೊದಲನೆಯದರಲ್ಲಿ ಕಪಾಟುಗಳು, ನಡುವಿನದರಲ್ಲಿ ಗ್ರಂಥಪಾಲಕರು, ಕೊನೆಯದರಲ್ಲಿ ಬ್ರೈಲ್ ಯಂತ್ರ ಮತ್ತು ಅತ್ತೆ. ಕಂಪ್ಯೂಟರಿನಿಂದ ಒಂದು ಕೇಬಲ್ಲಿನಲ್ಲಿ ಅಕ್ಷರಗಳು ಬರುತ್ತಿದ್ದವು, ಯಂತ್ರ ಅವನ್ನು ದಪ್ಪ ಕಾಗದದ ಮೇಲೆ ಚುಕ್ಕಿಯಾಗಿ ಒತ್ತುತ್ತಿತ್ತು. ಹುಟ್ಟಿನಿಂದಲೇ ಕಣ್ಣಿಲ್ಲದ ಅತ್ತೆ ಆ ಚುಕ್ಕಿಗಳ ಮೇಲೆ ಬೆರಳಾಡಿಸಿ ಕರಡು ತಿದ್ದುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು.

ಹಳೆಯ ಕಂಪ್ಯೂಟರ್ ಒಂದು ದಿನ ಕಣ್ಣು ಮುಚ್ಚಿತು. ಯಂತ್ರಕ್ಕೆ ಅಕ್ಷರ ಕಳಿಸುವ ಪ್ರೋಗ್ರಾಮೂ ಅದರ ಜೊತೆಗೇ ಹೋಯಿತು. ಯಂತ್ರ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಗ್ರಂಥಪಾಲಕರು ಕೆಟ್ಟವರೇನಲ್ಲ, ಆದರೆ ಶನಿವಾರ ಮಧ್ಯಾಹ್ನದೊಳಗೆ ಬೇಡವಾದ ಸಾಮಾನುಗಳ ಪಟ್ಟಿ ಕಳಿಸಬೇಕಿತ್ತು.

"ಒಂದು ಪುಸ್ತಕ ಮೊದಲಿನಿಂದ ಕೊನೆಯವರೆಗೆ, ನಡುವೆ ಯಾರೂ ಕೈ ಹಾಕದೆ, ತಪ್ಪಿಲ್ಲದೆ ಬರಲಿ. ಯಂತ್ರ ಪಟ್ಟಿಯಲ್ಲಿರೋದಿಲ್ಲ," ಎಂದರು. "ಇಲ್ಲದಿದ್ದರೆ ಪುಸ್ತಕಗಳನ್ನ ಹೊರಗಿನಿಂದ ತರಿಸೋಣ. ಅವು ತಿದ್ದಿಯೇ ಬರ್ತವೆ."

ತಿದ್ದಿಯೇ ಬಂದರೆ ಅತ್ತೆಗೇನು ಕೆಲಸ ಎಂದು ಅವರೂ ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಸಂಜೆ ಅಣ್ಣನ ಮನೆಗೆ ಫೋನ್ ಮಾಡಿ, "ಚೂಟಿ ಇದ್ದಾಳಾ?" ಎಂದಳು.

ಚೂಟಿ ಅಣ್ಣನ ಮಗಳು. ಇಪ್ಪತ್ತಾರು ತುಂಬಿದರೂ ಆ ಅಡ್ಡಹೆಸರು ಅವಳನ್ನು ಬಿಟ್ಟಿರಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ಒಂದು ವಾರ ರಜೆ ಹಾಕಿ ಸೋಮವಾರ ಬೆಳಗ್ಗೆ ಬಂದು ಕೂತಳು.

"ಕಷ್ಟಾನಾ?" ಅತ್ತೆ ಕೇಳಿದಳು.

"ಮಕ್ಕಳಾಟ. ಬಾಗಿಲು ತೆಗೆಯೋದು, ಅಕ್ಷರಗಳನ್ನ ಒಂದೊಂದಾಗಿ ಆಚೆ ತಳ್ಳೋದು, ಬಾಗಿಲು ಹಾಕೋದು. ಇಪ್ಪತ್ತು ಸಾಲಿನ ಪ್ರೋಗ್ರಾಮು."

ಮಧ್ಯಾಹ್ನಕ್ಕೆ ಇಪ್ಪತ್ತು ಸಾಲೂ ಆಯಿತು. ಪರೀಕ್ಷೆಗೆ ಅವಳು 'ಅತ್ತೆ ಜಾಣೆ' ಎಂದು ಕಳಿಸಿದಳು. ಯಂತ್ರ ಟಕಟಕ ಎಂದು ಒತ್ತಿತು. ಅತ್ತೆ ಬೆರಳಾಡಿಸಿ, "ಯಂತ್ರ ಸರಿಯಾಗೇ ಇದೆ, ಸುಳ್ಳು ಹೇಳ್ತಿಲ್ಲ," ಎಂದಳು. ಇಬ್ಬರೂ ನಕ್ಕರು. ಕಪಾಟಿನಲ್ಲಿ ಯಂತ್ರದ ಕೈಪಿಡಿ ಇದೆ ನೋಡು ಎಂದು ಅತ್ತೆ ಹೇಳಿದ್ದಕ್ಕೆ ಚೂಟಿ, "ಕೈಪಿಡಿ ಓದೋದು ಗೊತ್ತಿಲ್ಲದವರು," ಎಂದು ಕೈ ಬೀಸಿದಳು.

ಮಂಗಳವಾರ ಇಡೀ ಪುಸ್ತಕ ಕಳಿಸಿದಳು. ಒಬ್ಬ ನಾವಿಕನ ಕಥೆ, ತೊಂಬತ್ತೆರಡು ಪುಟ. ಮೊದಲ ಸಾಲು ಮುತ್ತಿನ ಹಾಗೆ ಬಂತು. ಆಮೇಲೆ ಯಂತ್ರ ಬಾಯಿಗೆ ಬಂದದ್ದು ಒದರತೊಡಗಿತು. ಸಾಲಿನ ಬಾಲ ಇಲ್ಲ, ಮುಂದಿನದರ ತಲೆ ಇಲ್ಲ.

"ಕುಡಿದವನ ಮಾತು ಕೇಳಿದ ಹಾಗಿದೆ ಕಣೇ," ಎಂದಳು ಅತ್ತೆ.

ಕಾರಣ ಚೂಟಿಗೆ ತಕ್ಷಣ ಹೊಳೆಯಿತು. ಕಂಪ್ಯೂಟರ್ ಕಣ್ಣು ಮಿಟುಕಿಸುವುದರಲ್ಲಿ ಒಂದು ಪುಟ ಹೇಳಿ ಮುಗಿಸುತ್ತದೆ. ಚುಕ್ಕಿ ಒತ್ತಲು ಯಂತ್ರಕ್ಕೆ ಹೊತ್ತು ಬೇಕು. ಅದರ ಹೊಟ್ಟೆಯಲ್ಲಿ ಒಂದೇ ಸಾಲು ಹಿಡಿಯುತ್ತದೆ, ಹೆಚ್ಚಾದದ್ದು ಚೆಲ್ಲಿ ಹೋಗುತ್ತದೆ. ಅವಳು ಪ್ರತಿ ಸಾಲಿನ ನಂತರ ಹದಿನೈದು ಸೆಕೆಂಡು, ಪ್ರತಿ ಪುಟದ ನಂತರ ಇನ್ನೂ ಹತ್ತು ಸೆಕೆಂಡು ಕಾಯುವಂತೆ ಬರೆದಳು. ಬುಧವಾರವೆಲ್ಲ ಯಂತ್ರ ಆಮೆಯ ಹಾಗೆ ನಡೆಯಿತು, ಗುರುವಾರ ಊಟದ ಹೊತ್ತಿಗೆ ತೊಂಬತ್ತೆರಡನೇ ಪುಟ ಹೊರಬಿತ್ತು.

ಶುಕ್ರವಾರ ಬೆಳಗ್ಗೆ ಓದಲು ಕೂತರು. ಕರಡು ತಿದ್ದುವುದು ಇಬ್ಬರ ಕೆಲಸ. ಚೂಟಿ ಪರದೆ ನೋಡಿ ಗಟ್ಟಿಯಾಗಿ ಓದಬೇಕು, ಅತ್ತೆಯ ಬೆರಳು ಹಾಳೆಯ ಮೇಲೆ ಅವಳ ದನಿಯ ಬೆನ್ನಿಗೇ ಬರಬೇಕು. ಪರದೆಯ ಮೇಲೆ ಸಾಲುಗಳು ಹಾಳೆಯಲ್ಲಿದ್ದಂತೆಯೇ, ಪುಟಕ್ಕೆ ಇಪ್ಪತ್ತೈದು. ನಲವತ್ತನೇ ಪುಟದವರೆಗೆ ಒಂದು ಚುಕ್ಕಿಯೂ ಹೆಚ್ಚುಕಮ್ಮಿ ಇರಲಿಲ್ಲ. ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿ, "ಹೇಗೆ?" ಎಂದರು. "ಬೆಣ್ಣೆ," ಎಂದಳು ಅತ್ತೆ.

ನಲವತ್ತೊಂದನೇ ಹಾಳೆ ಮೇಜಿಗೆ ಬಂದಾಗ ಚೂಟಿಯ ಕಣ್ಣಿಗೆ ಕೆಳಗಿನ ಅಂಚು ಬಿತ್ತು. ಒಂದು ಸಾಲಿನಷ್ಟು ಜಾಗ ಬೋಳಾಗಿತ್ತು. ಎಣಿಸಿದಳು, ಇಪ್ಪತ್ನಾಲ್ಕು. ಚುಕ್ಕಿಗಳನ್ನು ಅವಳು ಕಣ್ಣಿನಿಂದ ತಡವರಿಸಿ ಓದಬಲ್ಲಳು. ಪರದೆಯ ಎರಡನೇ ಸಾಲು ಹಾಳೆಯಲ್ಲಿ ಇರಲಿಲ್ಲ. 'ಹಡಗು ಬಂದರಿನಿಂದ ಹೊರಟು,' ಎಂಬ ಸಾಲಾದ ಮೇಲೆ 'ಗಾಳಿಯಿಲ್ಲದೆ ಎರಡು ದಿನ ನಿಂತಲ್ಲೇ ನಿಂತು,' ಎಂದಿರಬೇಕಿತ್ತು. ಹಾಳೆಯಲ್ಲಿ ಹಡಗು ಹೊರಟದ್ದೇ ಸೀದಾ ದ್ವೀಪ ಸೇರಿತ್ತು.

ಅದಿಲ್ಲದೆಯೂ ವಾಕ್ಯ ಕೂಡಿಕೊಂಡಿತ್ತು. ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಪಟ್ಟಿ ಹೋಗುತ್ತದೆ. ಅವಳು ಮೊದಲ ಸಾಲು ಓದಿ, ನೇರ ಮೂರನೆಯದಕ್ಕೆ ಹಾರಿದಳು.

ಅತ್ತೆಯ ಬೆರಳು ಅವಳ ಜೊತೆಗೇ ಪುಟದ ಕೊನೆಯವರೆಗೆ ಬಂತು. ಅಲ್ಲಿ ನಿಂತಿತು.

"ಏನು ಬಿಟ್ಟೆ?"

"ಏನಿಲ್ಲವಲ್ಲ."

"ಚೂಟಿ."

ಅವಳು ಪರದೆಯ ಕಡೆ ತಿರುಗಿದಳು.

"ಹಾಳೆ ಕೈಗೆ ಬಂದಾಗ ನಾನು ಮೊದಲು ನಾಲ್ಕೂ ಅಂಚು ಸವರ್ತೀನಿ. ಕೆಳಗೆ ಬೋಳು. ಹೇಳ್ತೀಯೇನೋ ಅಂತ ಕಾದೆ. ನೀನು ಓದಿದ್ದು ಮಾತ್ರ ಎಷ್ಟು ನಯವಾಗಿತ್ತು ಅಂತೀಯ! ಬೇರೆ ಕಡೆ ಎಲ್ಲ ತೊದಲ್ತೀಯ, ಅಲ್ಲಿ ಮಾತ್ರ ನದಿ ಹರಿದ ಹಾಗೆ."

ಚೂಟಿಯ ಕಿವಿ ಬಿಸಿಯಾಯಿತು. "ಒಂದು ಸಾಲು ಅತ್ತೆ. ಆ ಹಾಳೆ ಒಂದನ್ನೇ ಮತ್ತೆ ಒತ್ತಿ ಸೇರಿಸೋಣ."

"ಇವತ್ತು ನೀನು ಸೇರಿಸ್ತೀಯ. ನೀನು ಹೋದಮೇಲೆ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಕುರ್ಚಿ ಉಳಿಸೋದಕ್ಕೆ ನಾನೇ ಸುಳ್ಳು ಓದಿದರೆ, ಆ ಕುರ್ಚೀಲಿ ಕೂತು ಏನು ಮಾಡ್ಲಿ? ಈಗ ಹೇಳು, ಎಷ್ಟನೇ ಸಾಲು ಹೋಗಿದೆ?"

"ಎರಡನೆಯದು."

"ಪುಟ ಬದಲಾಗೋವಾಗ ಅದು ಗರ್ ಅಂತ ಕಾಗದ ಎಳೆಯುತ್ತೆ. ಕೆಲವು ಸಲ ಕಾಗದ ಸಿಕ್ಕಿಕೊಂಡು ಎರಡೆರಡು ಸಲ ಗರ್ ಅನ್ನುತ್ತೆ. ಮೊನ್ನೆಯೂ ಒಂದು ಸಲ ಅಂತು, ನಾನು ಕೇಳಿದೆ."

ಚೂಟಿಗೆ ಅಷ್ಟು ಸಾಕಾಯಿತು. ಕಾಗದ ಸಿಕ್ಕಿಕೊಂಡಾಗ ಮೊದಲ ಸಾಲು ಯಂತ್ರದ ಹೊಟ್ಟೆಯಲ್ಲೇ ಕಾಯುತ್ತಿತ್ತು, ಎರಡನೆಯದಕ್ಕೆ ಜಾಗವಿರಲಿಲ್ಲ. ಆದರೆ ಕಾಗದ ಯಾವಾಗ ಸಿಕ್ಕಿಕೊಳ್ಳುತ್ತದೆ, ಎಷ್ಟು ಹೊತ್ತು, ಎಂದು ಮೊದಲೇ ಹೇಳುವವರು ಯಾರು? ಎಷ್ಟು ಸೆಕೆಂಡು ಕಾದರೂ ಅದು ಕುರುಡು ಲೆಕ್ಕವೇ. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟಳು, ಹೇಳಿ ನಾಲಿಗೆ ಕಚ್ಚಿಕೊಂಡಳು.

"ಕುರುಡರಿಗೇನಾಗಿದೆ? ನಾವು ಲೆಕ್ಕ ಹಾಕಲ್ಲ, ಕೇಳಿಸ್ಕೋತೀವಿ," ಎಂದಳು ಅತ್ತೆ. "ಹೋಗಿ ಆ ಕೈಪಿಡಿ ತಗೊಂಡು ಬಾ."

ಕೈಪಿಡಿಯ ಹನ್ನೊಂದನೇ ಪುಟದಲ್ಲಿ ಎಲ್ಲ ಬರೆದಿತ್ತು. ಹೊಟ್ಟೆ ತುಂಬಿದ ಕೂಡಲೇ ಯಂತ್ರ ಅದೇ ಕೇಬಲ್ಲಿನಲ್ಲಿ 'ತಡಿ' ಎಂಬ ಒಂದು ಗುರುತನ್ನು ವಾಪಸು ಕಳಿಸುತ್ತದೆ, ಖಾಲಿಯಾದಾಗ 'ಹೂಂ' ಎಂಬ ಇನ್ನೊಂದನ್ನು. ಮಂಗಳವಾರದಿಂದ ಅದು ತಡಿ ತಡಿ ಎಂದು ಹೇಳುತ್ತಲೇ ಇತ್ತು. ಚೂಟಿಯ ಪ್ರೋಗ್ರಾಮಿನಲ್ಲಿ ಅದನ್ನು ಓದುವ ಒಂದು ಸಾಲೂ ಇರಲಿಲ್ಲ.

"ಮಾತಾಡೋದು ಕಲಿಸಿದ್ದೀಯ, ಕೇಳೋದು ಕಲಿಸಿಲ್ಲ," ಎಂದಳು ಅತ್ತೆ. "ಥೇಟ್ ನಿಮ್ಮಪ್ಪ."

"ಅಪ್ಪನಿಗೆ ಹೇಳ್ತೀನಿ."

"ಹೇಳು. ಕೇಳಿಸ್ಕೊಂಡರೆ ತಾನೇ!"

ಸೆಕೆಂಡುಗಳನ್ನೆಲ್ಲ ಕಿತ್ತುಹಾಕಿ ಒಂಬತ್ತು ಸಾಲು ಬರೆದಳು. ಕಳಿಸುವ ಮೊದಲು ಕಿವಿಗೊಡು. ತಡಿ ಎಂದರೆ ನಿಲ್ಲು. ಹೂಂ ಎಂದರೆ ಮುಂದುವರಿ. ಪರೀಕ್ಷೆಗೆಂದು ಒತ್ತುವ ನಡುವೆಯೇ ಅತ್ತೆ ಯಂತ್ರದ ಮುಚ್ಚಳ ಎತ್ತಿ ಹಿಡಿದಳು. ಯಂತ್ರ ನಿಂತಿತು. ಪರದೆಯ ಮೇಲೆ ಓಡುತ್ತಿದ್ದ ಅಕ್ಷರಗಳೂ ನಿಂತವು. ಅತ್ತೆ ಬಿಡಲಿಲ್ಲ, ಅಕ್ಕಪಕ್ಕದ ಸುದ್ದಿಯೆಲ್ಲ ವಿಚಾರಿಸಿ ಮುಗಿಸಿ ಮುಚ್ಚಳ ಇಳಿಸಿದಳು. ನಿಂತ ಅಕ್ಷರದ ಮುಂದಿನ ಅಕ್ಷರದಿಂದಲೇ ಕೆಲಸ ಶುರುವಾಯಿತು. ಸಂಜೆ ಆಫೀಸು ಮುಚ್ಚುವ ಮೊದಲೇ ಪುಸ್ತಕ ಮುಗಿದಿತ್ತು.

ಶನಿವಾರ ಬೆಳಗ್ಗೆ ಬೇಗ ಬಂದು ಓದಿದರು. ನಲವತ್ತೊಂದನೇ ಪುಟದಲ್ಲಿ ಹಡಗು ಎರಡು ದಿನ ನಿಂತು ಹೊರಟಿತು. ಹನ್ನೆರಡರ ಹೊತ್ತಿಗೆ ಗ್ರಂಥಪಾಲಕರು ಪಟ್ಟಿ ಹಿಡಿದು ಬಂದು ಸ್ಟೂಲಿನ ಮೇಲೆ ಕೂತರು. ಎಪ್ಪತ್ತೊಂದನೇ ಪುಟದಲ್ಲಿ ಅತ್ತೆಯ ಬೆರಳು ತಟ್ಟನೆ ನಿಂತಿತು.

"ಇದು ತಪ್ಪು."

ಚೂಟಿ ಹಾಳೆಯತ್ತ ಬಾಗಿದಳು. ಗ್ರಂಥಪಾಲಕರು ಪೆನ್ನಿನ ಮುಚ್ಚಳ ತೆಗೆದರು.

"ಈ ಮನುಷ್ಯನ ಎಡಗೈ ಮೂವತ್ತನೇ ಪುಟದಲ್ಲೇ ಹೋಯ್ತು. ಈಗ ಚಪ್ಪಾಳೆ ತಟ್ತಿದ್ದಾನೆ!"

ಚೂಟಿ ಮೂಲ ಪುಸ್ತಕ ಎಳೆದುಕೊಂಡು ಪುಟ ತಿರುವಿದಳು. ಅಲ್ಲೂ ನಾವಿಕ ಚಪ್ಪಾಳೆ ತಟ್ಟುತ್ತಿದ್ದ. ಅವಳು ಪುಸ್ತಕವನ್ನು ಗ್ರಂಥಪಾಲಕರ ಮುಂದೆ ಹಿಡಿದಳು. ಅವರು ಎರಡು ಸಲ ಓದಿ, ಭುಜ ಕುಲುಕುವಷ್ಟು ನಕ್ಕರು.

"ಇದಕ್ಕೆ ಯಂತ್ರವನ್ನ ಬೈಯೋ ಹಾಗಿಲ್ಲ."

"ಬರೆದವನನ್ನ ಬೈಯಿರಿ. ಉಳಿದದ್ದು ಓದೇ, ನಿಲ್ಲಿಸಬೇಡ."

ಕೊನೆಯ ಇಪ್ಪತ್ತೊಂದು ಪುಟಕ್ಕೆ ಗ್ರಂಥಪಾಲಕರೂ ಕೂತರು. ಕೊನೆಯ ಚುಕ್ಕಿ ಮುಟ್ಟಿ ಅತ್ತೆ, "ಸರಿಯಿದೆ," ಎಂದಳು. ಅವರು ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕಿ, ಅದನ್ನು ಬಾಯಿಬಿಟ್ಟು ಹೇಳಿದರು, ಅತ್ತೆಗೆ ಗೊತ್ತಾಗಲೆಂದು.

ಅತ್ತೆ ತಲೆಯಾಡಿಸಿದಳು. ಬೆರಳುಗಳನ್ನು ಒಂದೊಂದಾಗಿ ಎಳೆದು ಲಟಿಕೆ ಮುರಿದಳು.

"ಊಟ ಮಾಡಿ ಬರ್ತೀವಿ," ಎಂದು ಚೂಟಿಯ ತೋಳು ಹಿಡಿದಳು. "ಅಷ್ಟರಲ್ಲಿ ಮುಂದಿನ ಪುಸ್ತಕ ಯಾವುದು ಅಂತ ಯೋಚನೆ ಮಾಡಿಡಿ. ಸಮುದ್ರದ್ದು ಮಾತ್ರ ಬೇಡ."